ಉಡಿಯಲ್ಲಿ ಬಿದ್ದ ಕೀಲಿಕೈ

ನಮ್ಮ ಇಳಕಲ್ಲಿನ ಹಳೆಯ ಸಭಾಭವನದ ಇತಿಹಾಸ ಬರೆದುಕೊಡಿ ಎಂದು ಈಚೆಗೆ ಯಾರೋ ಕೇಳಿದರು. ಇತಿಹಾಸವಂತೆ! ಭವನದ ಮುಂದಿನ ಕಲ್ಲಿನಲ್ಲಿ ಅದೆಲ್ಲ ಕೆತ್ತಿದೆಯಲ್ಲ: ಯಾರು ಜಾಗ ಕೊಟ್ಟರು, ಯಾರು ಅಡಿಗಲ್ಲು ಇಟ್ಟರು, ಯಾರು ಬಾಗಿಲು ತೆರೆದರು. ಎಲ್ಲ ಗಂಡಸರೇ. ನೀರು ಹೊತ್ತವರ ಸುದ್ದಿ ಅದರಲ್ಲಿಲ್ಲ. ಅದನ್ನು ನಾನು ಬರೆಯುತ್ತೇನೆ, ಯಾರಿಗೆ ಬೇಸರವಾದರೂ ಆಗಲಿ.

ರಾಜ್ಯ ಒಂದಾಗುವ ಮುಂಚಿನ ಮಾತು. ನಾವಿನ್ನೂ ಮುಂಬಯಿಯವರ ಕೈಕೆಳಗಿದ್ದೆವು. ಊರಲ್ಲಿ ದೊಡ್ಡ ಸಭೆಯೆಂದರೆ ಬಯಲೇ ಗತಿ. ಗಾಳಿ ಎದ್ದರೆ ಭಾಷಣಕಾರರ ಬಾಯಿಗೆ ಮಣ್ಣು. ಬಾಗಲಕೋಟೆಯವರೂ ಬಂದು ನೋಡಬೇಕು, ಅಂಥ ಭವನ ಕಟ್ಟೋಣವೆಂದು ಹಿರಿಯರು ಹಟ ತೊಟ್ಟರು. ಸಮಿತಿಯ ಕಾರ್ಯದರ್ಶಿಯಾದವನು ನನ್ನ ಸೋದರಮಾವ, ಸಾಲೆಯ ಮಾಸ್ತರ. ನನ್ನ ಕೈಹಿಡಿದು ಅಕ್ಷರ ತಿದ್ದಿಸಿದವನು ಅವನೇ. ಹೆಣ್ಣಿಗೇಕೆ ಓದು ಎಂದವರೊಂದಿಗೆಲ್ಲ ಜಗಳಾಡಿ ನನ್ನನ್ನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡಿಸಿದವನೂ ಅವನೇ. ದೇವರ ಮೇಲೆ ಇಲ್ಲದಷ್ಟು ನಂಬಿಕೆ ನನಗೆ ಅವನ ಮೇಲಿತ್ತು.

ನಾನಾಗ ಲಗ್ನವಾಗಿ ಅದೇ ಊರಿನ ನೇಕಾರರ ಓಣಿಗೆ ಬಂದಿದ್ದೆ. ಕೆಲಸಕ್ಕೆ ಹೆಣ್ಣುಮಕ್ಕಳೂ ಬರಬೇಕೆಂದು ಕೇಳಲು ಮಾವ ನಮ್ಮ ಪಡಸಾಲೆಗೇ ಬಂದ. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ನಕ್ಷೆ ಬರೆದು ತೋರಿಸಿದ. ಇದು ರಂಗಮಂಚ, ಇವು ಬಣ್ಣ ಹಚ್ಚಿಕೊಳ್ಳುವ ಎರಡು ಕೋಣೆ, ಇದು ನಡುವೆ ಕಂಬವೇ ಇಲ್ಲದ ಸಭಾಂಗಣ, ಹಿಂದೆ ಅಡುಗೆಮನೆ, ನೀರಿನ ತೊಟ್ಟಿ. ಮೂಡಣ ಮೂಲೆಯಲ್ಲಿ ಇನ್ನೊಂದು ಕೋಣೆ ಬರೆದು, ಎರಡು ಕಿಟಕಿ ಇಟ್ಟು, "ಇದು ನಿಮ್ಮದು. ಇಲ್ಲೆ ಕುಂತು ಓದೂದು ಕಲೀರಿ. ನಮ್ಮ ಹುಡುಗೀನೇ ಕಲಸ್ತಾಳ" ಎಂದ. ನನಗೆ ಹಿಗ್ಗೋ ಹಿಗ್ಗು.

ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಪಕ್ಕದ ಮನೆಯ ಹೆಂಗಸಿಗೆ ನನಗಿಂತ ಹೆಚ್ಚಿನ ಆಸೆ. ಅವಳ ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದರು. ಗಂಡನ ಮನೆಯ ಕಷ್ಟವನ್ನೆಲ್ಲ ಮಗಳು ಯಾರ ಕೈಲೋ ಬರೆಸಿ ಕಳಿಸುತ್ತಿದ್ದಳು. ಇಲ್ಲಿ ಅದನ್ನು ನಾನು ಓದಿ ಹೇಳಿದರೂ ಪಡಸಾಲೆಯಲ್ಲಿ ಕೂತವರ ಕಿವಿಗೆ ಬಿದ್ದು, ಸಂಜೆಯೊಳಗೆ ಓಣಿಗೆಲ್ಲ ಗೊತ್ತು. ಮಗಳ ಕಾಗದವನ್ನು ತಾನೊಬ್ಬಳೇ ಓದಬೇಕು, ಸಾಯುವುದರೊಳಗೆ ಅದೊಂದು ಆದರೆ ಸಾಕು ಎನ್ನುತ್ತಿದ್ದಳು.

ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತಿತ್ತು. ತಿಂಗಳಲ್ಲಿ ನಮಗೆ ಬೆನ್ನು ನೆಟ್ಟಗಾಗುವ ದಿನ ಅದೊಂದೇ. ಅದನ್ನೇ ಕೊಟ್ಟೆವು. ಗಚ್ಚು ಅರೆಯುವಲ್ಲಿಗೆ ಕೊಡ ಕೊಡ ನೀರು ಹೊತ್ತೆವು, ಬುಟ್ಟಿ ಬುಟ್ಟಿ ಖಡಿಗಲ್ಲು ಹೊತ್ತೆವು. ಸಿಂಬಿ ಇಟ್ಟ ಜಾಗದಲ್ಲಿ ನನ್ನ ಕೂದಲೇ ಉದುರಿತು. ಯಾರೂ ಗೊಣಗಲಿಲ್ಲ. ಮೂಡಣ ಮೂಲೆಯ ಗೋಡೆ ಏಳುವಾಗ ಮಾತ್ರ ಎಲ್ಲರೂ ಒಂದು ಗಳಿಗೆ ನಿಂತು ನೋಡಿ ಹೋಗುತ್ತಿದ್ದರು.

ಬಾಗಿಲು ತೆರೆದ ದಿನ ವಿಜಾಪುರದಿಂದ ದೊಡ್ಡವರು ಬಂದಿದ್ದರು. ದುಡಿದ ಹೆಣ್ಣುಮಕ್ಕಳಿಗೆಲ್ಲ ಉಡಿ ತುಂಬಿದರು: ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಗುಳೇದಗುಡ್ಡದ ಖಣ. ಕೊನೆಗೆ ಮಾವ ನನ್ನನ್ನು ರಂಗಮಂಚಕ್ಕೆ ಕರೆಸಿ, ದೊಡ್ಡವರ ಹೆಂಡತಿಯ ಕೈಯಿಂದ ನನ್ನ ಉಡಿಯಲ್ಲಿ ಕೋಣೆಯ ಕೀಲಿಕೈ ಹಾಕಿಸಿದ. ಸಭೆಯೆಲ್ಲ ಚಪ್ಪಾಳೆ. ಉಡಿಯಲ್ಲಿ ಬಿದ್ದದ್ದನ್ನು ಎಣಿಸಬಾರದು, ಪರೀಕ್ಷಿಸಬಾರದು, ತಿರುಗಿ ಕೊಡಬಾರದು. ಕಟ್ಟಿಕೊಂಡು ನೆಟ್ಟಗೆ ಮನೆಗೆ ಬರಬೇಕು. ನಾನೂ ಹಾಗೇ ಬಂದೆ. ಹತ್ತು ಹೆಜ್ಜೆ ನಡೆದು ಬಾಗಿಲಿಗೆ ಹಾಕಿ ನೋಡಲಿಲ್ಲ. ಕೀಲಿಕೈಯನ್ನು ದೇವರ ಜಗುಲಿಯ ಮೇಲಿಟ್ಟೆ. ಎಂಥ ಹುಚ್ಚಿ ನಾನು!

ಮುಂದಿನ ಅಮಾವಾಸ್ಯೆಗೆ ಹನ್ನೆರಡು ಹೆಂಗಸರು ಪಾಟಿ ಬಳಪ ಹಿಡಿದು ನನ್ನ ಹಿಂದೆ ಬಂದರು. ಕೋಣೆಯ ಬಾಗಿಲ ಮೇಲೆ ಹೊಸ ಹಲಗೆ: 'ಅತಿಥಿಗಳ ವಿಶ್ರಾಂತಿ ಕೋಣೆ'. ಕೀಲಿಕೈ ಬೀಗದ ತೂತಿನೊಳಗೇ ಹೋಗಲಿಲ್ಲ. ಕಿಟಕಿಯಿಂದ ಇಣುಕಿದರೆ ಗಾದಿ, ಲೋಡು, ಚೆಲ್ಲಿದ ಇಸ್ಪೀಟಿನ ಎಲೆ. ನನ್ನ ಮೈಯೆಲ್ಲ ಉರಿದುಹೋಯಿತು.

ಹಲಗೆಯ ಮೇಲೆ ಏನು ಬರೆದಿದೆಯೆಂದು ಪಕ್ಕದ ಮನೆಯವಳು ಕೇಳಿದಳು. ಅಲ್ಲಿ ಓದಲು ಬರುವವಳು ನಾನೊಬ್ಬಳೇ. ಎಲ್ಲೋ ತಪ್ಪಾಗಿದೆ, ಮಾವನಿಗೆ ಗೊತ್ತಿರಲಾರದು, ಸುಮ್ಮನೆ ಅವನ ಮರ್ಯಾದೆ ಹೋಗಬಾರದು ಎಂದುಕೊಂಡೆ. "ಕೀಲಿ ಕೆಟ್ಟೈತಿ, ದುರಸ್ತಿ ಮಾಡಸ್ತೇವಿ ಅಂತ ಬರದಾರ" ಎಂದು ಓದಿ ಹೇಳಿದೆ. ನಂಬಿ ತಿರುಗಿ ಹೋದರು.

ನೆಟ್ಟಗೆ ಮಾವನ ಮನೆಗೆ ಹೋದೆ. ಅವನು ತಲೆ ಎತ್ತಲಿಲ್ಲ. ಹೆಣ್ಣುಮಕ್ಕಳಿಗೆ ಕೋಣೆ ಬೇಡವೆಂದು ಸಮಿತಿಯವರು ಅಡಿಗಲ್ಲು ಇಡುವ ಮೊದಲೇ ಅಂದಿದ್ದರಂತೆ. ಹೇಳಿದ್ದರೆ ನೀವು ಯಾರೂ ಕೆಲಸಕ್ಕೆ ಬರುತ್ತಿರಲಿಲ್ಲ ಎಂದ.

"ಹಂಗಾರ ನನ್ನ ಉಡ್ಯಾಗ ಹಾಕ್ಸಿದ್ದು ಯಾವ ಕೀಲಿಕೈ, ಮಾಮಾ?"

"ಸಾಲಿ ಹಳೇ ಕಪಾಟಿಂದು, ತಂಗಿ. ಮಂದಿ ಮುಂದ ಏನರ ಹಾಕಬೇಕಾಗಿತ್ತಲ್ಲ."

ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ. ಅಷ್ಟು ತಿಂಗಳು ನಮ್ಮ ತಲೆಯ ಮೇಲಿನ ಕೊಡ ನೋಡುತ್ತ, "ಭೇಷ್ ತಂಗಿ" ಎನ್ನುತ್ತ ಅವನು ಅಲ್ಲೇ ನಿಂತಿರುತ್ತಿದ್ದ. ಅವತ್ತು ಅವನ ಮನೆಯ ಹೊಸ್ತಿಲು ದಾಟಿದವಳು ಮತ್ತೆ ಒಳಗೆ ಕಾಲಿಡಲಿಲ್ಲ.

ಓಣಿಯವರಿಗೆ ನಿಜ ಹೇಳಬೇಕಿತ್ತು. ಇವತ್ತು, ನಾಳೆ ಎಂದು ಮುಂದೂಡಿದೆ. ಎಂಟು ದಿನಕ್ಕೆ ಪಕ್ಕದ ಮನೆಯವಳೇ ಬಂದು ಬಾಗಿಲಲ್ಲಿ ನಿಂತಳು. ಸಾಲೆಗೆ ಹೋಗುವ ಹುಡುಗನೊಬ್ಬನನ್ನು ಕರೆದುಕೊಂಡು ಹೋಗಿ ಆ ಹಲಗೆ ಓದಿಸಿದ್ದಳು. ಬೈಯಲಿಲ್ಲ, ದನಿ ಏರಿಸಲೂ ಇಲ್ಲ.

"ಓದಾಕ ಬರಂಗಿಲ್ಲಂತ ಅವ್ರು ನಮಗ ಮೋಸಾ ಮಾಡಿದ್ರು. ನೀನೂ ಅದಕ್ಕ ಮಾಡಿದೇನವ್ವಾ?"

ಆಮೇಲೆ ನಮ್ಮ ಓಣಿಯಲ್ಲಿ ಯಾರೂ ನನ್ನ ಕೈಲಿ ಏನನ್ನೂ ಓದಿಸಲಿಲ್ಲ.