ಜೋಗುಪಾಳ್ಯದ ತಗಡಿನ ನವಿಲು

ಬೆಂಗಳೂರಿನಲ್ಲಿ ಒಂದೇ ದಿನ ಬಿಡುವಿದ್ದರೆ ಆಟೊ ಹತ್ತಬೇಡಿ. ಜೋಗುಪಾಳ್ಯದಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಸಿಗುತ್ತದೆ. ಮೊದಲು ಬ್ರೇಕು ಹಿಡಿದು ನೋಡಿ, ಆಮೇಲೆ ಬಾಡಿಗೆ ಮಾತಾಡಿ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಖಾಲಿ ದೋಸೆ ತಿನ್ನಿ. ಕೇಳಿದರೆ ಮಾತ್ರ ಸಾಗು ಎರಡನೇ ಸಲ ಹಾಕುತ್ತಾರೆ, ಕೇಳಿ. ಚಿತ್ರ ಬೇಕೆಂದರೆ ಇಂದಿರಾನಗರದ ಗ್ಯಾಲರಿಗಳು ನಮ್ಮಂಥವರಿಗಲ್ಲ. ಸೈಕಲ್ ಅಂಗಡಿಯ ಪಕ್ಕದಲ್ಲೇ ಬೋರ್ಡು ಬರೆಯುವ ಮುನಿಸ್ವಾಮಿ ಇದ್ದಾರೆ. ಫ್ಲೆಕ್ಸ್ ಬಂದು ಬೋರ್ಡಿನ ಕೆಲಸ ಹೋದಮೇಲೆ ತಗಡಿನ ಮೇಲೆ ನವಿಲು, ಆನೆ ಬರೆದು ಮಾರುತ್ತಾರೆ.

ಇವತ್ತು ಒಂದು ನವಿಲು ಹಿಡಿಸಿತು. ಅವರು ಹೇಳಿದ ಬೆಲೆಯ ಅರ್ಧಕ್ಕೆ ಕೇಳಿದೆ.

“ಮೂರು ದಿನದ ಕೆಲ್ಸ ಸಾರ್ ಅದು.”

“ಫ್ಲೆಕ್ಸ್‌ನವನು ಮೂರು ನಿಮಿಷಕ್ಕೆ ಕೊಡ್ತಾನೆ ಕಣ್ರೀ.”

ಅವರು “ತಗೊಳ್ಳಿ” ಎಂದರು. ಆಮೇಲೆ ಬಟ್ಟೆಯನ್ನು ಟರ್ಪೆಂಟೈನಿನಲ್ಲಿ ಅದ್ದಿ, ಮೂಲೆಯಲ್ಲಿ ಇನ್ನೂ ಹಸಿಯಾಗಿದ್ದ ತಮ್ಮ ಹೆಸರನ್ನು ಒರೆಸಿಬಿಟ್ಟರು.

“ಅಯ್ಯೋ, ಹೆಸ್ರು ಯಾಕ್ರೀ ಅಳಿಸಿದ್ರಿ?”

“ಈ ರೇಟಿಗೆ ನವಿಲು ಬರುತ್ತೆ ಸಾರ್, ಮುನಿಸ್ವಾಮಿ ಬರಲ್ಲ. ನಮ್ ಲೈನಲ್ಲಿ ಎಲ್ರೂ ಹಿಂಗೇ.”

ಮೊದಲು ಹೇಳಿದಷ್ಟೇ ಕೊಡುತ್ತೇನೆ, ಹೆಸರು ಬರೆಯಿರಿ ಎಂದೆ. ಅವರು ಆಗಲೇ ನವಿಲನ್ನು ಪೇಪರಿನಲ್ಲಿ ಸುತ್ತುತ್ತಿದ್ದರು.

“ಮಾತಾಯ್ತಲ್ಲ ಸಾರ್.”

ಈಗ ಕಂಟೋನ್ಮೆಂಟ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೇನೆ. ಪೇಪರು ಬಿಚ್ಚಿ ಮೂಲೆಯಲ್ಲಿ ಹೆಸರು ಒರೆಸಿದ ಗುರುತನ್ನು ನೋಡುತ್ತಿದ್ದಾಗ ಪಕ್ಕದಲ್ಲಿದ್ದ ಹೆಂಗಸು ಬಗ್ಗಿ ನೋಡಿದರು.

“ಎಷ್ಟು ಚೆನ್ನಾಗಿದೆ! ಯಾರು ಬರ್ದಿದ್ದು?”

“ಅಗ್ಗಕ್ಕೆ ಸಿಕ್ತು” ಎಂದೆ.