ಮೈಕಣ್ಣನ ಮಗಳು ತನ್ನ ಪರಿಚಯ ಹೇಳಿಕೊಂಡದ್ದು

ಮೈಕಣ್ಣನ ಮಗಳಿಗೆ ವಿಶ್ವವಿದ್ಯಾಲಯದಲ್ಲಿ 'ಸ್ಪೀಕರ್' ಎಂದು ಹೆಸರಿಟ್ಟವರು ಹೊಗಳಲೆಂದು ಇಟ್ಟಿರಲಿಲ್ಲ. ಗ್ರಂಥಾಲಯದಲ್ಲಿ ಅವಳು ಪಿಸುಗುಟ್ಟಿದರೂ ಆಚೆ ಮೇಜಿನವರು ತಲೆಯೆತ್ತಿ ನೋಡುತ್ತಿದ್ದರು. ಅವಳ ತಪ್ಪೇನಿದೆ ಹೇಳಿ? ಆ ಮನೆಯಲ್ಲಿ ಹುಟ್ಟಿದವರು ಪಿಸುಮಾತು ಕಲಿಯುವುದಾದರೂ ಎಲ್ಲಿಂದ? ಅಪ್ಪನದು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಕಸುಬು. ನಡುಮನೆಯಲ್ಲಿ ಅರ್ಧ ಜಾಗ ಕಪ್ಪು ಪೆಟ್ಟಿಗೆಗಳದ್ದು, ಮಿಕ್ಕಿದ್ದು ಮನುಷ್ಯರದ್ದು. ಆಂಪ್ಲಿಫೈಯರ್ ರಿಪೇರಿಯಾದ ದಿನ ಅದನ್ನು ಹಚ್ಚಿ ನೋಡದೆ ಅಪ್ಪನಿಗೆ ಅನ್ನ ಇಳಿಯುತ್ತಿರಲಿಲ್ಲ. ಆ ಗದ್ದಲದಲ್ಲಿ ಅಮ್ಮ ಉಪ್ಪು ಬೇಕಾ ಎಂದು ಕೇಳಬೇಕಾದರೂ ಕೂಗಿಯೇ ಕೇಳಬೇಕು.

ಹೋದ ವರ್ಷ ಒಂದು ಭಾನುವಾರ ಅವಳು ಅಪ್ಪ ಅಮ್ಮನನ್ನು ಕೂರಿಸಿಕೊಂಡು, ತನ್ನ ಮನಸ್ಸು ಹೋಗುವುದು ಹುಡುಗಿಯರ ಕಡೆಗೆ, ಹುಡುಗರ ಕಡೆಗಲ್ಲ, ಇದು ನಾಳೆ ನಾಡಿದ್ದು ಬದಲಾಗುವಂಥದ್ದೂ ಅಲ್ಲ ಎಂದು ಹೇಳಿಬಿಟ್ಟಳು. ಅಮ್ಮ ಅತ್ತಳು, ಅತ್ತು ಮುಗಿಸಿ ಮೂಗು ಒರೆಸಿಕೊಂಡು, "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಲ್ವಾ ನೀನು?" ಎಂದು ಎದ್ದು ಹೋದಳು. ಅಪ್ಪ ಮಾತ್ರ ಕೈಯಲ್ಲಿದ್ದ ವೈರಿನ ತುದಿಯನ್ನು ಸುಲಿಯುತ್ತಲೇ ಕುಳಿತಿದ್ದ. ತಾಮ್ರವೆಲ್ಲ ಹೊರಬಂದು, ಸುಲಿಯಲು ಇನ್ನೇನೂ ಉಳಿಯದಿದ್ದಾಗ ಬಾಯಿ ಬಿಟ್ಟ.

"ನೀನು ನನ್ನ ಮಗಳೇ. ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಇದು ಮನೆಯೊಳಗೇ ಇರ್ಲಿ ಕಣಮ್ಮ. ಊರಿಗೆಲ್ಲ ಡಂಗುರ ಹೊಡೀಬೇಡ."

ಊರಿಗೆಲ್ಲ ಡಂಗುರ ಹೊಡೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನ ಬಾಯಲ್ಲಿ ಈ ಮಾತು! ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಅಪ್ಪನೆಂದರೆ ಅವಳಿಗೆ ಜೀವ. ಹೂಂ ಎಂದಳು.

ಆ ಹೂಂ ಹೆಚ್ಚು ದಿನ ಬಾಳಲಿಲ್ಲ. ವಿದ್ಯಾರ್ಥಿ ಸಂಘದಲ್ಲಿ ಎಲ್‌ಜಿಬಿಟಿಕ್ಯೂ ಪ್ರತಿನಿಧಿಯ ಕುರ್ಚಿ ಯಾರೂ ಕೂರದೆ ಧೂಳು ತಿನ್ನುತ್ತಿತ್ತು. ಅವಳು ಜೆರಾಕ್ಸ್ ಕೋಣೆಯ ಪಕ್ಕದಲ್ಲಿ ಆ ಪ್ರತಿನಿಧಿಗೆಂದು ಇದ್ದ ಪುಟ್ಟ ರೂಮನ್ನು ಗುಡಿಸಿ, ಸಂಜೆ ಹೊತ್ತು ಸುಮ್ಮನೆ ಬಾಗಿಲು ತೆರೆದಿಟ್ಟುಕೊಂಡು ಕೂರತೊಡಗಿದಳು. ಮೊದಲು ಬಂದವಳು ಹಾಸ್ಟೆಲ್ಲಿನ ಒಬ್ಬ ಹುಡುಗಿ. ಬಾಗಿಲವರೆಗೆ ಬರುವುದು, ಬೋರ್ಡು ಓದುವುದು, ಕಳ್ಳಹೆಜ್ಜೆಯಲ್ಲಿ ವಾಪಸು ಹೋಗುವುದು. ಕೊನೆಗೆ ಸ್ಪೀಕರ್ ಒಳಗಿನಿಂದಲೇ, "ಬಾರಮ್ಮ, ಇಲ್ಲಿ ಯಾರೂ ಕಚ್ಚಲ್ಲ!" ಎಂದಳು. ಜೆರಾಕ್ಸ್ ಕೋಣೆಯವನೂ ಬೆಚ್ಚಿಬಿದ್ದ. ಹುಡುಗಿ ಒಳಗೆ ಬಂದು ಕುಳಿತು, ಎಷ್ಟೋ ಹೊತ್ತು ಅತ್ತು, ಹೊರಡುವಾಗ ಒಂದೇ ಮಾತು ಹೇಳಿದಳು: "ನಿಮ್ಮಂಥೋರು ಇಲ್ಲಿ ಇದ್ದಾರೆ ಅಂತ ನಂಗೆ ಗೊತ್ತಾಗೋಕೆ ಒಂದು ವರ್ಷ ಹಿಡೀತು. ಬಂದ ದಿನವೇ ಯಾರಾದ್ರೂ ಹೇಳಿದ್ರೆ ಅಷ್ಟು ಒದ್ದಾಡ್ತಿರ್ಲಿಲ್ಲ ನಾನು."

ಅವಳು ಚುನಾವಣೆಗೆ ನಿಂತದ್ದು ಆ ಮಾತಿಗಾಗಿ. ಗೆದ್ದಳು ಕೂಡ. ಗೆದ್ದ ಮೇಲೆ ಮಾಡಬೇಕಾದ ಮೊದಲ ಕೆಲಸ, ಹೊಸಬರ ಸ್ವಾಗತದ ದಿನ ದೊಡ್ಡ ಸಭಾಂಗಣದ ವೇದಿಕೆ ಹತ್ತಿ, ನಾನು ಇಂಥವಳು ಎಂದು ಪರಿಚಯ ಮಾಡಿಕೊಳ್ಳುವುದು.

ಅಷ್ಟರಲ್ಲಿ ಅಪ್ಪ ಒಂದು ಸಂಜೆ ಮುಖವರಳಿಸಿಕೊಂಡು ಬಂದ. "ನಿಮ್ಮ ಯೂನಿವರ್ಸಿಟಿ ಫಂಕ್ಷನ್ ನಂಗೇ ಸಿಕ್ತು ಕಣೇ! ನೀನೂ ಬಾ ಕೈಜೋಡಿಸೋಕೆ."

ಅವಳು ಅಡುಗೆಮನೆಗೆ ಹೋಗಿ ವೇದಿಕೆಯ ವಿಷಯ ಅಮ್ಮನಿಗೆ ಹೇಳಿದಳು. ಅಮ್ಮ ತಗ್ಗಿದ ದನಿಯಲ್ಲಿ, ಅಂದರೆ ಆ ಮನೆಯ ತಗ್ಗಿದ ದನಿಯಲ್ಲಿ, "ಮೊದಲೇ ಹೇಳ್ಬಿಡು ಅವರಿಗೆ" ಎಂದಳು. ಹೇಳಲು ಹೊರಟಾಗಲೆಲ್ಲ ಅಪ್ಪ ಆ ಸಭಾಂಗಣದ ಗೋಡೆಗಳು ಸದ್ದನ್ನು ಹೇಗೆ ಹಾಳುಮಾಡುತ್ತವೆ ಎಂದು ಶುರುಮಾಡುತ್ತಿದ್ದ. ಕೊನೆಗೆ ಅವಳ ಬಾಯಿಂದ ಬಂದದ್ದು ಇಷ್ಟೇ: "ಅಪ್ಪ, ನಾನೂ ಸ್ಟೇಜ್ ಮೇಲೆ ಎರಡು ಮಾತಾಡ್ಬೇಕು."

"ಹೌದಾ! ಹಾಗಾದ್ರೆ ಒಳ್ಳೇ ಬಟ್ಟೆ ಹಾಕ್ಕೋ," ಎಂದ ಅಪ್ಪ. ಯಾವ ಮಾತು ಎಂದು ಅವನು ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಆ ದಿನ ಸಭಾಂಗಣ ಕಿಕ್ಕಿರಿದಿತ್ತು. ಕ್ರೀಡಾ ಪ್ರತಿನಿಧಿ ವೈರಿಲ್ಲದ ಮೈಕನ್ನು ನುಂಗುವವನ ಹಾಗೆ ಹಿಡಿದು ಕಿರುಚಿ ಹೋದ. ಹಾಸ್ಟೆಲ್ ಪ್ರತಿನಿಧಿ ಬಾತ್‌ರೂಮಿನ ನಲ್ಲಿಗಳ ಬಗ್ಗೆ ಭರವಸೆ ಕೊಟ್ಟು ಚಪ್ಪಾಳೆ ಗಿಟ್ಟಿಸಿದಳು. ಮುಂದಿನ ಸರದಿ ಇವಳದ್ದು. ಇವಳ ತಲೆಯಲ್ಲಿ ಎರಡು ಪರಿಚಯಗಳಿದ್ದವು. ಒಂದು ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಇನ್ನೊಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, 'ವಿದ್ಯಾರ್ಥಿಗಳ ಕ್ಷೇಮ ನೋಡಿಕೊಳ್ಳುವವಳು' ಎಂದು ಹೇಳಿ ಜಾರಿಕೊಳ್ಳುವುದು. ಕೊನೆಯ ಸಾಲಿನ ಹಿಂದೆ ಅಪ್ಪ ತನ್ನ ಮೈಕ್‌ಸೆಟ್ಟಿನ ಗುಂಡಿಗಳ ಮುಂದೆ ತುದಿಗಾಲಲ್ಲಿ ನಿಂತು ಮೊಬೈಲಿನಲ್ಲಿ ಮಗಳ ಫೋಟೋ ತೆಗೆಯುತ್ತಿದ್ದ. ಆ ಹಿಗ್ಗು ನೋಡಿ ಅವಳಿಗೆ ಎರಡನೆಯದೇ ವಾಸಿ ಅನ್ನಿಸಿತು. ಆಮೇಲೆ ತುಂಬಿದ ಸಾಲುಗಳನ್ನು ನೋಡಿದಳು. ಇವರಲ್ಲಿ ಯಾರು ಇನ್ನೊಂದು ವರ್ಷ ಒದ್ದಾಡಬೇಕು?

"ನಾನು ನಿಮ್ಮ ಎಲ್‌ಜಿಬಿಟಿಕ್ಯೂ ಪ್ರತಿನಿಧಿ," ಎಂದಳು. ಅಪ್ಪನ ಮೊಬೈಲು ಕೆಳಗಿಳಿಯಿತು. "ಜೆರಾಕ್ಸ್ ಕೋಣೆ ಪಕ್ಕದ ನನ್ನ ರೂಮಿಗೆ ಬರೋಕೆ ಯಾರಿಗೂ ಭಯ ಬೇಡ. ಯಾಕಂದ್ರೆ ನಾನೂ—"

ಮೈಕ್ ಸತ್ತುಹೋಯಿತು.

ಅಪ್ಪನ ಕೈ ಗುಂಡಿಯ ಮೇಲಿತ್ತು. ಬೇರೆ ಯಾರೇ ಬಾಯಿ ಮುಚ್ಚಿಸಿದ್ದರೂ ತಡೆದುಕೊಳ್ಳುತ್ತಿದ್ದಳು. ಅಪ್ಪನಾ? ಸತ್ತ ಮೈಕನ್ನು ಮೇಜಿನ ಮೇಲೆ ಕುಕ್ಕಿ, ವೇದಿಕೆಯ ಅಂಚಿಗೆ ಬಂದು, ಹುಟ್ಟಿನಿಂದ ಬಂದ ಗಂಟಲನ್ನು ಪೂರ್ತಿ ಬಿಟ್ಟಳು.

"ನಾನೂ ಲೆಸ್ಬಿಯನ್!"

ಮುಂದಿನ ಸಾಲುಗಳಿಂದ ಚಪ್ಪಾಳೆ ಬಂತು. ಹಿಂದಿನ ಸಾಲುಗಳಿಂದ "ಏನಂತೆ? ಏನಂತೆ?" ಎಂಬ ಗುಜುಗುಜು. ಅದರ ನಡುವೆ ಅಪ್ಪ ಬೇರೊಂದು ಮೈಕ್ ಹಿಡಿದು ನಡುದಾರಿಯಲ್ಲಿ ಓಡಿಬರುತ್ತಿದ್ದ. ಉದ್ದದ ವೈರು ಹಾವಿನಂತೆ ಬಿಚ್ಚಿಕೊಳ್ಳುತ್ತ ಬರುತ್ತಿದ್ದರೆ ಅಕ್ಕಪಕ್ಕದವರು ಕಾಲೆತ್ತಿ ಕೂರುತ್ತಿದ್ದರು. ಏದುಸಿರು ಬಿಡುತ್ತ ವೇದಿಕೆ ಹತ್ತಿದವನೇ ಸತ್ತ ಮೈಕಿನ ಹೊಟ್ಟೆ ಬಿಚ್ಚಿ ನೋಡಿದ.

"ಹೊಸ ಸೆಲ್ ಹಾಕಿಲ್ವಲ್ಲೇ ನೀನು!"

ಆ ಮನೆಯ ಕೆಲಸದ ಹಂಚಿಕೆಯೇ ಹಾಗೆ. ವೈರು ಅಪ್ಪನದು, ಸೆಲ್ಲು ಮಗಳದ್ದು. ಹೊಸ ಸೆಲ್ ಹಾಕಿದ್ದಾಳೋ ಇಲ್ಲವೋ ಎಂದು ಅಪ್ಪ ತಪಾಸಣೆ ಮಾಡಿದವನೇ ಅಲ್ಲ, ಅಂಥ ಪ್ರಸಂಗವೇ ಬಂದಿರಲಿಲ್ಲ. ಈ ದಿನ ಮಗಳು ಒಳ್ಳೇ ಬಟ್ಟೆ ಹಾಕಿಕೊಂಡು, ಹೇಳಬೇಕಾದ ಮಾತನ್ನೇ ಬಾಯಿಪಾಠ ಮಾಡುತ್ತ, ಹಳೇ ಸೆಲ್ಲನ್ನು ಹಾಗೇ ಬಿಟ್ಟಿದ್ದಳು.

"ನೀನೇ ಆಫ್ ಮಾಡಿದೆ ಅನ್ಕೊಂಡೆ ಅಪ್ಪ," ಅವಳಿಗೆ ಅಳು ಬಂತು. "ಡಂಗುರ ಹೊಡೀಬೇಡ ಅಂದಿದ್ಯಲ್ಲ."

ಆ ಮಾತು ಇಡೀ ಸಭಾಂಗಣದಲ್ಲಿ ಮೊಳಗಿತು. ಅಪ್ಪನ ಕೈಯಲ್ಲಿದ್ದ ಮೈಕಿಗೆ ಸೆಲ್ಲಿನ ಹಂಗಿರಲಿಲ್ಲ. ಅದು ಆಗಲೇ ಚಾಲೂ ಆಗಿತ್ತು. ಗುಜುಗುಜು ನಿಂತಿತು. ಅಪ್ಪ ಆ ಮೈಕನ್ನೊಮ್ಮೆ, ಮಗಳನ್ನೊಮ್ಮೆ ನೋಡಿದ. ಅವನ ಮುಖ ಬಿಳಿಚಿಕೊಂಡಿತ್ತು. ಮೈಕನ್ನು ಮಗಳ ಕೈಗಿಟ್ಟು ಸರಸರ ಇಳಿದುಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

"ಅಂದಿದ್ದೆ," ಎಂದ ಮೈಕಿನಲ್ಲೇ. "ಹೆದರಿಕೆಗೆ ಅಂದಿದ್ದೆ ಮಗಾ. ಜನ ನಿನ್ನ ಏನಾದ್ರೂ ಅಂದ್ಬಿಟ್ರೆ ಅಂತ. ನೀನು ನೋಡಿದ್ರೆ ಮೈಕೂ ಇಲ್ದೆ ಹೇಳ್ಬಿಟ್ಟೆ." ಆಮೇಲೆ ಸಭೆಯ ಕಡೆಗೆ ತಿರುಗಿದ. "ಇವಳು ನನ್ನ ಮಗಳು. ಹಿಂದಿನವರಿಗೆ ಸರಿಯಾಗಿ ಕೇಳಿಸ್ಲಿಲ್ಲ, ನಾನೂ ಅಲ್ಲೇ ಇದ್ದೆ. ಇನ್ನೊಂದ್ಸಲ ಹೇಳ್ತಾಳೆ, ಕೇಳಿ."

ಅವಳು ಮೈಕ್ ತೆಗೆದುಕೊಂಡಳು. ಮೊದಲಿನಿಂದ ಶುರುಮಾಡಿ ಒಂದಕ್ಷರ ಬಿಡದೆ ಹೇಳಿದಳು: ತಾನು ಯಾರು, ತನ್ನ ರೂಮು ಎಲ್ಲಿದೆ, ಬಾಗಿಲು ಯಾವಾಗ ತೆರೆದಿರುತ್ತದೆ. ಅಪ್ಪ ಇಳಿಯುವುದನ್ನು ಮರೆತು ಅವಳ ಪಕ್ಕದಲ್ಲೇ ವೈರು ಹಿಡಿದು ನಿಂತಿದ್ದ. ಈ ಸಲ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದವರು ಕೊನೆಯ ಸಾಲಿನವರು.