ಬಾಯಿ ನೋಡುವ ಬೆಳ್ಳಪ್ಪನವರು

ಹೊಸನಗರದ ಹೆಲ್ತ್ ಇನ್ಸ್‌ಪೆಕ್ಟರ್ ಬೆಳ್ಳಪ್ಪನವರು ಎದುರಾದರೆ ಜನ ಕೈ ಮುಗಿಯುವ ಮೊದಲು ಬಾಯಿ ತೆರೆಯುತ್ತಿದ್ದರು. ಹೊಗೆಸೊಪ್ಪು ಜಗಿಯುವವರ ಬಾಯಲ್ಲಿ ಕ್ಯಾನ್ಸರಿನ ಕಲೆ ಹುಡುಕುವುದು ಸರ್ಕಾರ ಅವರಿಗೆ ವಹಿಸಿದ ಕೆಲಸ. ಅದಕ್ಕೊಂದು ಟಾರ್ಚು ಮಂಜೂರಾಗಿತ್ತು, ಸೆಲ್ಲು ಮಾತ್ರ ಆಗಿರಲಿಲ್ಲ. ಹಾಗಾಗಿ ಎಲ್ಲರನ್ನೂ ಅಂಗಳಕ್ಕೆ ಕರೆದು ಬಿಸಿಲಿಗೆ ಮುಖ ಮಾಡಿಸಿ ನಿಲ್ಲಿಸುತ್ತಿದ್ದರು. ಮೋಡ ಕವಿದರೆ ಇಲಾಖೆಯನ್ನು ಬೈಯುತ್ತಿದ್ದರು. ಆದರೆ ಕವಳ ಹಾಕದವನಿಗೆ ಆ ಸೀಮೆಯಲ್ಲಿ ಬಾಯಿ ತೋರಿಸುವವರು ಯಾರು? "ಮೊದ್ಲು ಒಂದು ಕವಳ ಹಾಕಿ ಮಾರಾಯ್ರೆ, ಆಮೇಲೆ ನೋಡುವ್ರಂತೆ" ಎಂದು ಎಲೆ, ಅಡಿಕೆ, ಹೊಗೆಸೊಪ್ಪಿನ ತಟ್ಟೆ ಮುಂದೆ ಬರುತ್ತಿತ್ತು. ಬೇಡವೆಂದರೆ ಮನೆಯವರಿಗೆ ಅವಮಾನ. ಮನೆಮನೆಯಲ್ಲೂ ಹೊಗೆಸೊಪ್ಪು ಜಗಿದು, ಅಂಗಳದಂಚಿಗೆ ಉಗಿದು, ಹೊಗೆಸೊಪ್ಪು ಬಿಡಿ ಎಂದು ಬುದ್ಧಿ ಹೇಳಿ ಬರುತ್ತಿದ್ದರು. ಬಾಯಲ್ಲಿ ಬಿಳಿ ಕಲೆ ಇದ್ದವರು "ಈಗ ಎಲ್ಲಿಗೆ ಹೋಗದು?" ಎಂದರೆ, "ಸರ್ಕಾರದ ಮುಂದಿನ ಪ್ಲಾನಲ್ಲಿ ಶಿವಮೊಗ್ಗಕ್ಕೇ ಕ್ಯಾನ್ಸರ್ ಆಸ್ಪತ್ರೆ ಬರ್ತದೆ, ಹೆದರ್ಬೇಡಿ" ಎನ್ನುತ್ತಿದ್ದರು. ಸುಳ್ಳಲ್ಲ, ನಂಬಿಯೇ ಹೇಳುತ್ತಿದ್ದರು. ತಮ್ಮದೇ ಎಡಗೆನ್ನೆಯ ಒಳಗೆ ನಾಲಿಗೆಗೆ ಏನೋ ಒರಟಾಗಿ ತಾಗುವುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಗಂಡ ಬಲದವಡೆಯಲ್ಲಷ್ಟೇ ಅನ್ನ ಅಗಿಯುವುದನ್ನು ಕೆಲವು ದಿನ ಸುಮ್ಮನೆ ಗಮನಿಸಿದ ಹೆಂಡತಿ ಜಲಜಮ್ಮ, ಒಂದು ಬೆಳಿಗ್ಗೆ ಅವರ ಕೈ ಹಿಡಿದು ಅಂಗಳಕ್ಕೆ ಕರೆತಂದು ಬಿಸಿಲಿಗೆ ಮುಖ ಮಾಡಿಸಿ ನಿಲ್ಲಿಸಿದರು. "ಬಾಯಿ ಬಿಡಿ" ಎಂದರು. ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಈಗ ಎಲ್ಲಿಗೆ ಹೋಗದು?" ಎಂದು ಕೇಳಿದರು. "ಮುಂದಿನ ಪ್ಲಾನಲ್ಲಿ..." ಎಂದು ಶುರು ಮಾಡಿದ ಬೆಳ್ಳಪ್ಪನವರು, ಹೆಂಡತಿಯ ಮುಖ ನೋಡಿ ಬಾಯಿ ಮುಚ್ಚಿದರು.